ಟೈಟಲ್ ಮ್ಯೂಸಿಕ್ ಹಿಡಿದು ಟಿವಿ ರೆಕಾರ್ಡಿಂಗ್ ವಿಂಗಡಿಸಿದ್ದು: ನನ್ನ ಅನುಭವ

ನಮ್ಮ ಮನೆಯಲ್ಲಿ ಡಿಡಿ ಫ್ರೀ ಡಿಶ್ ಇದೆ. ಕಂಪ್ಯೂಟರ್‌ಗೆ ಡಿಶ್‌ನ ಸಿಗ್ನಲ್ ಹಿಡಿಯುವ ಒಂದು ಯುಎಸ್‌ಬಿ ಟ್ಯೂನರ್ ಹಾಕಿ, ಟಿವಿಹೆಡ್‌ಎಂಡ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ಚಂದನದ ಸಂಜೆ ಪ್ರಸಾರವನ್ನೆಲ್ಲ ಒಂದೇ ಫೈಲ್ ಆಗಿ ರೆಕಾರ್ಡ್ ಮಾಡುತ್ತೇನೆ. ಕಾರ್ಯಕ್ರಮಕ್ಕೊಂದು ಟೈಮರ್ ಇಟ್ಟರೆ, ಎರಡು ನಿಮಿಷ ಆಚೀಚೆ ಆದರೂ ತಲೆಯೋ ಬಾಲವೋ ಹೋಗುತ್ತದೆ. ಆದರೆ ಗಂಟೆಗಟ್ಟಲೆಯ ಫೈಲಲ್ಲಿ ಕೃಷಿ ಕಾರ್ಯಕ್ರಮ ಎಲ್ಲಿದೆ ಅಂತ ಎಳೆದೂ ಎಳೆದೂ ಹುಡುಕೋದು ಯಾರಿಗೆ ಬೇಕು?

ಇದಕ್ಕೆ ಜಾಸ್ತಿ ಜನ ಹೇಳೋದು ಕಾಮ್‌ಸ್ಕಿಪ್ ಅನ್ನುವ ಪ್ರೋಗ್ರಾಂ. ಕಪ್ಪು ಫ್ರೇಮ್, ನಿಶ್ಶಬ್ದ, ಮೂಲೆಯ ಲೋಗೋ ನೋಡಿ ಜಾಹೀರಾತು ಎಲ್ಲಿದೆ ಅಂತ ಅದು ಊಹಿಸುತ್ತದೆ. ನನ್ನ ರೆಕಾರ್ಡಿಂಗ್‌ಗಳಲ್ಲಿ ಎರಡು ಕಾರ್ಯಕ್ರಮಗಳ ನಡುವೆ ಕಪ್ಪು ಬರೋದೇ ಅಪರೂಪ, ಬಂದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದಿರುತ್ತದೆ. ಎಫ್‌ಎಫ್‌ಎಂಪೆಗ್ ಅನ್ನುವ ವಿಡಿಯೋ ಸಾಫ್ಟ್‌ವೇರ್‌ನಲ್ಲಿ ಕಪ್ಪು ಹುಡುಕುವ ಬ್ಲ್ಯಾಕ್‌ಡಿಟೆಕ್ಟ್ ಇದೆ, ಅದು ತಾನಾಗಿ 2 ಸೆಕೆಂಡಿಗಿಂತ ಚಿಕ್ಕ ಕಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆ ಮಿತಿಯನ್ನು 0.1 ಸೆಕೆಂಡಿಗೆ ಇಳಿಸಿದರೆ ನಾಟಕದ ಕತ್ತಲೆ ದೃಶ್ಯಗಳೆಲ್ಲ ಗಡಿ ಅಂತ ಪಟ್ಟಿಗೆ ಬರುತ್ತವೆ.

ದಿನಾ ಒಂದೇ ಥರ ಇರೋದು ಶುರುವಿನ ಸಂಗೀತ. ವಾರ್ತೆಗೆ ಒಂದು, 'ಥಟ್ ಅಂತ ಹೇಳಿ'ಗೆ ಇನ್ನೊಂದು. ಒಳಗೆ ಅಡುಗೆ ಮಾಡುತ್ತಿದ್ದರೂ ಟ್ಯೂನ್ ಕಿವಿಗೆ ಬಿದ್ದ ಕೂಡಲೇ ಏನು ಶುರುವಾಯಿತು ಅಂತ ಗೊತ್ತಾಗುತ್ತದೆ ಅಲ್ವಾ, ಕಂಪ್ಯೂಟರ್‌ಗೂ ಅದನ್ನೇ ಕೇಳಿಸಿದೆ.

ಇದಕ್ಕೆ ಸದ್ದಿನ ಗುರುತು ಹಿಡಿಯುವ ಕ್ರೋಮಾಪ್ರಿಂಟ್ ಅನ್ನುವ ಸಾಫ್ಟ್‌ವೇರ್ ಬಳಸುತ್ತೇನೆ. ಅದರ ಎಫ್‌ಪಿಕ್ಯಾಲ್ಕ್ ಅನ್ನುವ ಪುಟ್ಟ ಪ್ರೋಗ್ರಾಂ ಸದ್ದನ್ನು 32 ಬಿಟ್‌ನ (ಅಂದರೆ 32 ಸೊನ್ನೆ-ಒಂದುಗಳ) ಸಂಖ್ಯೆಗಳಾಗಿ ಮಾಡಿಕೊಡುತ್ತದೆ, ಸೆಕೆಂಡಿಗೆ ಸುಮಾರು 8. ಪ್ರತಿ ಕಾರ್ಯಕ್ರಮದ ಟ್ಯೂನ್‌ನಿಂದ ಹತ್ತು ಸೆಕೆಂಡಿನ ತುಣುಕು ಇಟ್ಟುಕೊಂಡಿದ್ದೇನೆ. ಒಂದು ಚಿಕ್ಕ ಪೈಥಾನ್ ಸ್ಕ್ರಿಪ್ಟ್ ಆ ತುಣುಕಿನ ಸಂಖ್ಯೆಗಳನ್ನು ಇಡೀ ರೆಕಾರ್ಡಿಂಗಿನ ಸಂಖ್ಯೆಗಳ ಪಕ್ಕ ಒಂದೊಂದೇ ಹೆಜ್ಜೆ ಜರುಗಿಸುತ್ತಾ ಎಷ್ಟು ಬಿಟ್ ಬೇರೆ ಇವೆ ಅಂತ ಎಣಿಸುತ್ತದೆ. ಸಂಬಂಧವಿಲ್ಲದ ಸದ್ದಾದರೆ ಅರ್ಧದ ಹತ್ತಿರ ಬೇರೆ ಇರುತ್ತವೆ. ಸರಿಯಾದ ಜಾಗಕ್ಕೆ ಬಂದಾಗ ಆ ಸಂಖ್ಯೆ ದಬಕ್ಕನೆ ಇಳಿಯುತ್ತದೆ, ಅನುಮಾನಕ್ಕೆ ಜಾಗವೇ ಇರುವುದಿಲ್ಲ. ಎಫ್‌ಪಿಕ್ಯಾಲ್ಕ್ ತಾನಾಗಿ ಮೊದಲ 120 ಸೆಕೆಂಡು ಮಾತ್ರ ಓದುತ್ತದೆ, ಹಾಗಾಗಿ ಪೂರ್ತಿ ಓದಲು ಲೆಂತ್ 0 ಅಂತ ಕೊಡಲೇಬೇಕು.

ತುಣುಕು ಆರಿಸುವಾಗ ಟ್ಯೂನ್‌ನ ಕೊನೆಯ ಭಾಗ ತಗೊಳ್ಳಿ. ಪ್ರೋಮೋದಲ್ಲೂ ಬ್ರೇಕ್ ಮುಗಿದಾಗಲೂ ಅದೇ ಟ್ಯೂನ್ ಒಂದಿಷ್ಟು ಕೇಳಿಸುತ್ತದೆ, ಆದರೆ ಪೂರ್ತಿ ನುಡಿಯುವುದು ನಿಜವಾದ ಶುರುವಿನಲ್ಲೇ.

ಗಡಿ ಸಿಕ್ಕ ಮೇಲೆ ಫೈಲನ್ನು ಕತ್ತರಿಸುವುದಿಲ್ಲ. ಮತ್ತೆ ಎನ್‌ಕೋಡ್ ಮಾಡದೆ (ವಿಡಿಯೋವನ್ನು ಹೊಸದಾಗಿ ತಯಾರಿಸದೆ) ಕತ್ತರಿಸಬೇಕಾದರೆ ಕೀಫ್ರೇಮ್, ಅಂದರೆ ಆಗೊಮ್ಮೆ ಈಗೊಮ್ಮೆ ಬರುವ ಪೂರ್ತಿ ಚಿತ್ರ, ಇರುವಲ್ಲೇ ಕತ್ತರಿಸಬೇಕು, ಮಾತಿನ ಮೊದಲ ಅಕ್ಷರ ಹೋಗಿಬಿಡುತ್ತದೆ. ಅದರ ಬದಲು ಎಂಕೆವಿ ಅನ್ನುವ ಬಗೆಯ ವಿಡಿಯೋ ಫೈಲಿಗೆ ಚಾಪ್ಟರ್, ಅಂದರೆ ಹೆಸರಿನ ಜೊತೆ ಜಾಗದ ಗುರುತು, ಬರೆಯುತ್ತೇನೆ. ವಿಎಲ್‌ಸಿ ಪ್ಲೇಯರ್‌ನಲ್ಲಿ ತೆರೆದರೆ ಕಾರ್ಯಕ್ರಮಗಳ ಹೆಸರು ಸಾಲಾಗಿ ಬರುತ್ತವೆ, ಒತ್ತಿದರೆ ಅಲ್ಲಿಗೇ ಹೋಗುತ್ತದೆ. ಹುಡುಕುವ ಮೊದಲೇ ಎಂಕೆವಿಗೆ ಬದಲಾಯಿಸಿಕೊಳ್ಳಿ. ಪ್ರಸಾರ ಬಂದ ಹಾಗೆಯೇ ಉಳಿಸಿದ ಟಿಎಸ್ ಫೈಲಿನ ಗಡಿಯಾರ ಸೊನ್ನೆಯಿಂದ ಶುರುವಾಗುವುದಿಲ್ಲ, ಜೊತೆಗೆ ಸುಮಾರು 26 ಗಂಟೆ 30 ನಿಮಿಷಕ್ಕೊಮ್ಮೆ ಅದು ಮತ್ತೆ ಸೊನ್ನೆಗೆ ಬರುತ್ತದೆ, ಹಾಗಾಗಿ ಚಾಪ್ಟರ್‌ನ ಸಮಯ ತಪ್ಪಾಗಬಹುದು.

ಯಾವುದಾದರೂ ಕಾರ್ಯಕ್ರಮದ ಚಾಪ್ಟರ್ ಒಂದು ವಾರ ಕಾಣಿಸಲಿಲ್ಲ ಅಂದರೆ ಟ್ಯೂನ್ ಬದಲಾಗಿರಬಹುದು. ಹಳೇ ತುಣುಕನ್ನು ಅಳಿಸಬೇಡಿ, ಮರುಪ್ರಸಾರ ಬಂದಾಗ ಬೇಕಾಗುತ್ತದೆ. ಹೊಸದನ್ನು ಪಕ್ಕದಲ್ಲಿ ಸೇರಿಸಿದರೆ ಸಾಕು.