ಬಿಪಿ ಇದ್ದವರು ಜೀರ್ಣದ ಚೀನೀ ಕಷಾಯ ಕುದಿಸುವ ಮುನ್ನ

ರಕ್ತದೊತ್ತಡ ಮತ್ತು ಅಜೀರ್ಣ ಎರಡೂ ಇರುವವರು ಚೀನೀ ಮೂಲಿಕೆಯ ಪೊಟ್ಟಣ ತರಿಸಿಕೊಂಡರೆ, ಮೊದಲು ಅದರಲ್ಲಿ ‘ಗಾನ್ ಚಾವ್’ ಇದೆಯೇ ಎಂದು ನೋಡಬೇಕು. ಅದು ವಿಜಯಪುರದ ಗಂಧಿಗೆ ಅಂಗಡಿಯಲ್ಲಿ ಕೆಮ್ಮಿಗೆಂದು ಕಟ್ಟಿಕೊಡುವ ಜ್ಯೇಷ್ಠಮಧುವಿನ ಜಾತಿಯ ಬೇರೇ. ಉಳಿದ ಮೂಲಿಕೆಗಳನ್ನು ಹೊಂದಿಸುವ ಗುಣ ಇದಕ್ಕಿದೆ ಎಂದು ಚೀನೀ ವೈದ್ಯರು ಭಾವಿಸುವುದರಿಂದ ಜೀರ್ಣದ ಬಹಳಷ್ಟು ಕಷಾಯಗಳಲ್ಲಿ ಇದು ಇದ್ದೇ ಇರುತ್ತದೆ. ಆದರೆ ಇದರಲ್ಲಿರುವ ಗ್ಲಿಸಿರೈಜಿನ್ ಎಂಬ ಅಂಶ ದೇಹದಲ್ಲಿ ಉಪ್ಪು, ನೀರನ್ನು ಹಿಡಿದಿಟ್ಟು, ಪೊಟ್ಯಾಸಿಯಂ ಇಳಿಸಿ, ಒತ್ತಡವನ್ನು ಏರಿಸುತ್ತದೆ. ನೆಗಡಿಯ ಪುಡಿಗಳಲ್ಲಿ ಬರುವ ‘ಮಾ ಹುವಾಂಗ್’ ಮೂಲಿಕೆಯೂ, ಒತ್ತಡ ಏರಿಸುವ ಎಫಿಡ್ರಿನ್ ಅದರಲ್ಲಿ ಇರುವುದರಿಂದ, ಬಿಪಿಯವರಿಗೆ ಸಲ್ಲದು.

ರಕ್ತದೊತ್ತಡಕ್ಕೆಂದು ಕೊಡುವ ‘ಗೌ ಟೆಂಗ್’ ಗಾಳದಂತೆ ಬಾಗಿದ ಜೋಡಿ ಕೊಕ್ಕೆಗಳಿರುವ ಕಡ್ಡಿ. ಹೆಚ್ಚು ಕುದಿಸಿದರೆ ಸತ್ವ ಕೆಡುತ್ತದೆ ಎಂಬ ಕಾರಣಕ್ಕೆ ಇದನ್ನು ಕೊನೆಗೆ ಹಾಕುವ ರೂಢಿಯಿದೆ. ಉಳಿದ ಮೂಲಿಕೆಗಳನ್ನು ಮಣ್ಣಿನ ಇಲ್ಲವೇ ಸ್ಟೀಲ್ ಪಾತ್ರೆಯಲ್ಲಿ ಅರ್ಧ ಗಂಟೆ ನೆನೆಸಿ ಕುದಿಸಬೇಕು. ಕಬ್ಬಿಣ, ಅಲ್ಯೂಮಿನಿಯಂ ಬೇಡ.

ಸೇವಂತಿಗೆ ಚಹಾ ಇನ್ನೂ ಸರಳ. ಒಣಗಿದ ಐದಾರು ಹೂಗಳ ಮೇಲೆ ಬಿಸಿ ನೀರು ಸುರಿದು ಐದು ನಿಮಿಷ ಮುಚ್ಚಿಟ್ಟರೆ ತಿಳಿ ಹಳದಿ ಬಣ್ಣ ಬಿಡುತ್ತದೆ. ಬೆಳಗಾವಿ ಮಾರುಕಟ್ಟೆಯಲ್ಲಿ ಮಾರು ಲೆಕ್ಕದಲ್ಲಿ ಕೊಳ್ಳುವ ಸೇವಂತಿಗೆಯೂ ಇದೇ ಜಾತಿಯದಾದರೂ, ಅದು ಪೂಜೆಗೆಂದು ಔಷಧಿ ಹೊಡೆದು ಬೆಳೆಸಿದ ಹೂವು, ಲೋಟಕ್ಕೆ ಹಾಕುವಂಥದ್ದಲ್ಲ. ಈ ಚಹಾ ಬಿಪಿಗಿಂತ ಬಾಯಿಗೇ ಹೆಚ್ಚು ಹಿತವೆಂಬುದು ನನ್ನ ಅನಿಸಿಕೆ.

ಎಣ್ಣೆಗಾಯಿ, ಶೇಂಗಾ ಹಿಂಡಿ ಉಂಡು ಹೊಟ್ಟೆ ಭಾರವಾದವರಿಗೆ ಕಿತ್ತಳೆ ಜಾತಿಯ ಹಣ್ಣಿನ ಸಿಪ್ಪೆಯನ್ನು ಒಣಗಿಸಿ ವರ್ಷಗಟ್ಟಲೆ ಹಳೆಯದಾಗಿಸಿದ ‘ಚೆನ್ ಪಿ’ ಇದೆ. ದಿನಕ್ಕೆ 3ರಿಂದ 10 ಗ್ರಾಂ ವಾಡಿಕೆಯ ಪ್ರಮಾಣ. ಕೊಬ್ಬು, ಮಾಂಸ ಅರಗಿಸಲು ಕೊಡುವ ‘ಶಾನ್ ಝಾ’ ಎಂಬ ಒಣಗಿಸಿದ ಹಣ್ಣು ಬಹಳ ಹುಳಿಯಾದ್ದರಿಂದ ಎದೆಯುರಿ ಇರುವವರು ಅದನ್ನು ಬರಿ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು.

ಇವು ಯಾವುವೂ ಬಿಪಿ ಗುಳಿಗೆಗೆ ಬದಲಿಯಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್ ನುಂಗುವವರು ‘ಡಾನ್ ಶೆನ್’ ಎಂಬ ಬೇರನ್ನು ಮುಟ್ಟಲೇಬಾರದು. ಕಷಾಯ ಶುರುಮಾಡುವ ಮುಂಚೆ ಪೊಟ್ಟಣವನ್ನೇ ವೈದ್ಯರಿಗೆ ಒಯ್ದು ತೋರಿಸಬೇಕು. ಕುಡಿಯುವಷ್ಟು ದಿನ ಬೆಳಿಗ್ಗೆ ಐದು ನಿಮಿಷ ಸುಮ್ಮನೆ ಕುಳಿತು, ತೋಳನ್ನು ಎದೆಯ ಮಟ್ಟಕ್ಕಿಟ್ಟು, ಒಂದೆರಡು ನಿಮಿಷದ ಅಂತರದಲ್ಲಿ ಎರಡು ಸಲ ಬಿಪಿ ಅಳೆದು ಬರೆದಿಟ್ಟುಕೊಳ್ಳಬೇಕು. ಅಂಕಿ ಮೊದಲಿಗಿಂತ ಏರುತ್ತಿದ್ದರೆ, ಕಾಲು ಬಾತರೆ, ಕಷಾಯವನ್ನು ಅಂದೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು.