ಮೊದಲು ಕವಿ ತೀರಿಕೊಂಡ ವರ್ಷ, ಆಮೇಲೆ ಚಿತ್ರ

ಪಂಜೆ ಮಂಗೇಶರಾಯರ ‘ನಾಗರ ಹಾವೆ’ ಪದ್ಯಕ್ಕೆ ನಾನು ಮಾಡಿದ ಆನಿಮೇಷನ್ ನೆಟ್‌ಗೆ ಹಾಕಿ ಈ ಯುಗಾದಿಗೆ ಒಂದು ವರ್ಷ ತುಂಬಿತು. ಕಾಪಿರೈಟ್ ಮುರಿದೆ ಅನ್ನುವ ಒಂದೇ ಒಂದು ಸ್ಟ್ರೈಕ್ ಬಂದಿಲ್ಲ. “ಹಳೇ ಶಿಶುಗೀತೆ ಯಾರು ನೋಡ್ತಾರೆ?” ಎಂದಿದ್ದ ಗೆಳೆಯರೇ ಈಗ ಯಾವ ಕವಿಯ ಕಾಪಿರೈಟ್ ಯಾವಾಗ ಮುಗಿಯುತ್ತದೆ ಅನ್ನುವ ನನ್ನ ಪಟ್ಟಿ ಕೇಳುತ್ತಿದ್ದಾರೆ.

ಅದಕ್ಕೂ ಮೊದಲು ಕೈ ಸುಟ್ಟುಕೊಂಡಿದ್ದೆ. ನನಗೆ ಪ್ರಾಣದಷ್ಟು ಇಷ್ಟವಾದ ಒಂದು ಭಾವಗೀತೆಗೆ ನಾಲ್ಕು ತಿಂಗಳು ಕೂತು ಚಿತ್ರ ಬರೆದೆ. ಅಭಿಮಾನಕ್ಕೆ ಮಾಡಿದ್ದು, ದುಡ್ಡಿಗಲ್ಲ. ಗಾಯಕಿ, ಸ್ಟುಡಿಯೋ, ತಬಲಾ ಎಲ್ಲ ಸೇರಿ ಹತ್ತಿರ ಹತ್ತಿರ 40 ಸಾವಿರ ಹೋಯಿತು. ಹಾಕಿದ ಎಂಟೋ ಒಂಬತ್ತೋ ದಿನಕ್ಕೆ ಹಕ್ಕು ನಮ್ಮದು ಅನ್ನುವ ಕ್ಲೇಮ್ ಬಂತು, ವಿಡಿಯೋ ಇಳಿಸಿದೆ. ಹಕ್ಕಿದ್ದವರು ಕೇಳಿದ್ದು ತಪ್ಪಲ್ಲ. ಆದರೆ ಕಾಪಿರೈಟಿನ ಅವಧಿ ನೋಡಿ: ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ. ಬೇಂದ್ರೆಯವರು ಹೋದದ್ದು 1981ರಲ್ಲಿ, ಅಂದರೆ 2041 ಮುಗಿಯಬೇಕು. ಕುವೆಂಪು 1994, ಅಂದರೆ 2054. ಅನುಮತಿ ಕೇಳಿ ಬೇರೆ ಬೇರೆ ಕವಿಗಳ ಮನೆಯವರಿಗೆ ಆರು ಪತ್ರ ಬರೆದೆ. ಉತ್ತರ ಬಂದದ್ದು ಎರಡಕ್ಕೆ.

ಆಮೇಲೆ ಹಟ ಬಂತು. ಒಂದು ನೋಟ್‌ಬುಕ್ ಇಟ್ಟು ಕವಿಗಳು ತೀರಿಕೊಂಡ ವರ್ಷ ಬರೆಯುತ್ತಾ ಹೋದೆ. ಸುಮಾರು 70 ಹೆಸರಾಯಿತು. ಪಂಜೆ ಮಂಗೇಶರಾಯರು 1937. ಆಗ 50 ವರ್ಷದ ಲೆಕ್ಕ, 1987ಕ್ಕೇ ಮುಗಿದಿತ್ತು. ಕೈಲಾಸಂ 1946. ಅವರದು 1996ಕ್ಕೆ ಮುಗಿಯಬೇಕಿತ್ತು. ಅಷ್ಟರಲ್ಲಿ ಟ್ಯಾಗೋರರ ಅವಧಿ ಮುಗಿಯುತ್ತದೆಂದು 50 ಇದ್ದದ್ದನ್ನು 60 ಮಾಡಿದರು. ಕೈಲಾಸಂ ನಾಟಕಗಳು 2006 ಮುಗಿಯುವವರೆಗೆ ಕಾಯಬೇಕಾಯಿತು. ಒಬ್ಬರಿಗಾಗಿ ಎಳೆದ ಹತ್ತು ವರ್ಷ ಎಲ್ಲರ ಮೇಲೂ ಬಿತ್ತು. ನನಗೆ ಇದು ಇವತ್ತಿಗೂ ಬೇಸರ.

ಪದ್ಯ ಸಿಕ್ಕಿದರೆ ಸಾಲದು. ಕಿವಿಯಲ್ಲಿ ಕೂತ ಧಾಟಿ ಯಾರದೋ ಆಗಿರುತ್ತದೆ. ನಾನು ಕ್ಯಾಸೆಟ್ ಧಾಟಿಯಲ್ಲೇ ಹಾಡಿಸಿ, ಆಮೇಲೆ ಹೆದರಿ, 6 ಸಾವಿರದ ರೆಕಾರ್ಡಿಂಗ್ ಬಿಸಾಕಿದೆ. ಕೊನೆಗೆ ಪಕ್ಕದ ಬೀದಿಯ ಸಂಗೀತದ ಮೇಷ್ಟ್ರು ಹಾರ್ಮೋನಿಯಂ ಮುಂದೆ ಕೂತು ಒಂದೇ ಸಂಜೆಯಲ್ಲಿ ಹೊಸ ಧಾಟಿ ಕೊಟ್ಟರು. ಅದೇ ಈಗ ಮಕ್ಕಳ ಬಾಯಲ್ಲಿದೆ. ಇನ್ನೊಂದು ಮಾತು. ಕವಿ ಹೋದ ಮೇಲೆ ಮೊದಲ ಸಲ ಅಚ್ಚಾದ ಪದ್ಯಕ್ಕೆ ಲೆಕ್ಕ ಅಚ್ಚಾದ ವರ್ಷದಿಂದ. ಹಾಗಾಗಿ ಹಳೇ ಮುದ್ರಣವನ್ನೇ ಹುಡುಕುತ್ತೇನೆ. ಎಲ್ಲಿ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ.

ನಡುವೆ ಸಿನಿಮಾ ಕಡೆಗೂ ಕೈ ಹಾಕಿದೆ. ‘ಬೇಡರ ಕಣ್ಣಪ್ಪ’ 1954ರದು, ಸಿನಿಮಾದ 60 ವರ್ಷ 2014ಕ್ಕೆ ಮುಗಿಯಿತು. ಅದರ ಹಾಡು ತೆಗೆದುಕೊಂಡು ನನ್ನ ಚಿತ್ರ ಜೋಡಿಸೋಣ ಅಂದುಕೊಂಡೆ. ಆದರೆ ಸಾಹಿತ್ಯ, ಸಂಗೀತ ಮಾಡಿದವರ ಲೆಕ್ಕ ಬೇರೆ, ಅವರವರ ಸಾವಿನಿಂದ. ಎರಡು ವಾರ ಸುಮ್ನೆ ಹೋಯಿತು.

ಅಮೆರಿಕದ ಒಂದು ಕನ್ನಡ ಕೂಟದವರು ಕೈಲಾಸಂ ಕೇಳಿದರು. ಇಲ್ಲಿ ಅದು ಮುಕ್ತ. ಅಲ್ಲಿ ಹಾಗಲ್ಲ. 1996ರ ಜನವರಿಯಲ್ಲಿ ಇಲ್ಲಿ ಹಕ್ಕು ಜೀವಂತವಿದ್ದ ಹಳೇ ಕೃತಿಗಳಿಗೆ ಅಲ್ಲಿ ಪ್ರಕಟವಾದಲ್ಲಿಂದ 95 ವರ್ಷ. ಪಂಜೆಯವರದು ಇಲ್ಲಿ 1987ಕ್ಕೇ ಮುಗಿದಿದ್ದರಿಂದ ಆ ತೊಡಕಿಲ್ಲ. ಹಾವನ್ನೇ ಕಳಿಸಿದೆ, ಮಕ್ಕಳು ಕುಣಿದರಂತೆ.

ಈ ಸಲದ ಖರ್ಚು 18 ಸಾವಿರದ ಆಸುಪಾಸು. ಶಾಲೆಗಳಿಗೆ ಕೊಟ್ಟ ಪೆನ್‌ಡ್ರೈವ್, ಕೂಟದವರು ಕೊಟ್ಟದ್ದು ಸೇರಿ 30ರ ಮೇಲೆ ಬಂತು. ಮುಂದಿನದು ಐತಿಹಾಸಿಕ ಕಾದಂಬರಿಗಳ ಗಳಗನಾಥರು. ತೀರಿಕೊಂಡದ್ದು 1942ರಲ್ಲಿ, ಇಲ್ಲಿ 2003ರಿಂದ ಮುಕ್ತ. ಮೊದಲ ಕಂತಿನ ಕುದುರೆಗಳನ್ನು ಬರೆದು ಮುಗಿಸಿದ್ದೇನೆ.