ಮಾತು ಬಿಟ್ಟ ಅಣ್ಣನಿಗೆ 50 ಪೈಸೆಯ ಕಾರ್ಡು

ಪಾಲಾದ ಮೇಲೆ ಅಣ್ಣ-ತಮ್ಮಂದಿರ ಮಾತು ಹೇಗೆ ನಿಲ್ಲುತ್ತದೆ ಎಂಬುದನ್ನು ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕುಂದಾಪುರದ ಕಡೆಯ ಹಳೆಯ ಮನೆ ನನ್ನ ಪಾಲಿಗೆ ಬಂದಂದಿನಿಂದ, ಮುಂಬಯಿಯ ಹೋಟೆಲಿನಲ್ಲಿರುವ ಅಣ್ಣನೂ ಮೈಸೂರಿನಲ್ಲಿ ನೆಲೆಸಿದ ನಾನೂ ಸುಮಾರು 15 ವರ್ಷ ಮಾತಾಡಿರಲಿಲ್ಲ. ಈಗ ಮಾತಾಡುತ್ತಿದ್ದೇವೆ. ‘ಇದು ಆಗುವ ಕೆಲಸವಲ್ಲ’ ಎಂದಿದ್ದ ಭಾವನವರೇ ಮೊನ್ನೆ ನನ್ನ ಕ್ರಮವನ್ನು ಕೇಳಿಕೊಂಡು ಹೋದದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸೋತದ್ದನ್ನು ಹೇಳುತ್ತೇನೆ. ಸೋದರಮಾವನನ್ನು ನಡುವೆ ಬಿಟ್ಟು ಮಾತಾಡಿಸಿದ್ದು ತಪ್ಪಾಯಿತು. ಮಾತು ಮತ್ತೆ ಪಾಲಿನ ಲೆಕ್ಕಕ್ಕೇ ಹೋಯಿತು. ಹೇಳದೆ ಕೇಳದೆ ಮುಂಬಯಿ ಬಳಿಯ ಡೊಂಬಿವಲಿಯ ಅಣ್ಣನ ಮನೆಗೆ ಹೋದಾಗ ಪ್ರಯಾಣ, ಅತ್ತಿಗೆಗೊಂದು ಸೀರೆ, ಎಲ್ಲ ಸೇರಿ ಎಂಟೊಂಬತ್ತು ಸಾವಿರ ರೂಪಾಯಿ ಖರ್ಚಾಯಿತು. ಅತ್ತಿಗೆ ಚಹಾ ಕೊಟ್ಟರು. ಅಣ್ಣ ರಾತ್ರಿ 11 ಗಂಟೆಯಾದರೂ ಹೋಟೆಲಿನಿಂದ ಬರಲೇ ಇಲ್ಲ. ವಾಟ್ಸಾಪ್ ಗುಂಪಿಗೆ ಸೇರಿಸಿದರೆ ನಾಲ್ಕೇ ದಿನಕ್ಕೆ ಹೊರಬಿದ್ದ.

ಕೊನೆಗೆ 50 ಪೈಸೆಯ ಅಂಚೆ ಕಾರ್ಡನ್ನು ಹಿಡಿದೆ. ತಿಂಗಳಿಗೊಂದು ಕಾರ್ಡು, ಅದರಲ್ಲಿ ಒಂದೇ ಪ್ರಶ್ನೆ, ಅದೂ ಅವನೊಬ್ಬನಿಗೆ ಮಾತ್ರ ಉತ್ತರ ಗೊತ್ತಿರುವಂಥದ್ದು. ಹಬ್ಬದ ಶುಭಾಶಯವಿಲ್ಲ, ಜಾಗದ ಸುದ್ದಿಯಂತೂ ಇಲ್ಲವೇ ಇಲ್ಲ. ವಿಳಾಸ ಮನೆಯದ್ದಲ್ಲ, ಹೋಟೆಲಿನದ್ದು. ಕಾರ್ಡಿಗೆ ಲಕೋಟೆಯಿಲ್ಲದ್ದರಿಂದ ಅಲ್ಲಿರುವ ನಮ್ಮೂರ ಕಡೆಯ ಹುಡುಗರು ಅದನ್ನು ಓದಿಯೇ ಗಲ್ಲಾದ ಮೇಲಿಡುತ್ತಿದ್ದರು, ಉತ್ತರ ಬರೆದಿರಾ ಎಂದು ಅವರೇ ಅವನನ್ನು ಕೇಳುತ್ತಿದ್ದರು. ಇದನ್ನು ನಾನು ಲೆಕ್ಕ ಹಾಕಿಯೇ ಮಾಡಿದ್ದು.

ಆರು ಕಾರ್ಡುಗಳಿಗೆ ಉತ್ತರವಿಲ್ಲ. ಏಳನೆಯದರಲ್ಲಿ, ಅಪ್ಪಯ್ಯ ತೋಡಿಸಿದ ಬಾವಿ ಎಷ್ಟು ಕೋಲಿಗೆ ಕಲ್ಲು ಮುಟ್ಟಿತು ಎಂದು ಕೇಳಿದೆ. ಕೋಲು ಎಂದರೆ ಬಾವಿಯ ಆಳಕ್ಕೆ ನಮ್ಮ ಕಡೆಯ ಅಳತೆ. ಹೋಟೆಲಿನ ಬಿಲ್ಲಿನ ಹಿಂಬದಿಯಲ್ಲಿ ಎರಡೇ ಸಾಲು ಬಂತು: ‘11 ಕೋಲು. ಮೇಲೆಲ್ಲ ಮುರಕಲ್ಲು.’ ಸಹಿ ಇರಲಿಲ್ಲ. ಹೆಂಡತಿಗೆ ಅದನ್ನು ಮೂರು ಸಲ ಓದಿ ಹೇಳಿದೆ.

ಹುರುಪಿನಲ್ಲಿ ಕುಚ್ಚಲಕ್ಕಿಯನ್ನೂ ಕಳಿಸಿ ನೋಡಿದೆ. ಅಕ್ಕಿಗಿಂತ ಪಾರ್ಸೆಲ್ಲಿಗೇ ಹೆಚ್ಚು ಹೋಯಿತು. ಹಲಸಿನ ಹಪ್ಪಳ ಮೊದಲ ಸಲ ಪುಡಿಯಾಗಿ ಮುಟ್ಟಿತು, ಬಿಸ್ಕತ್ತಿನ ಡಬ್ಬಿಯಲ್ಲಿ ಬಿಗಿಯಾಗಿ ತುಂಬಿದ ಮೇಲೆ ಹಾಳಾಗಲಿಲ್ಲ.

ಅಣ್ಣ 13ನೆಯ ವಯಸ್ಸಿಗೆ ಬಸ್ಸು ಹತ್ತಿ ಮುಂಬಯಿಗೆ ಹೋದವನು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ, ಆಗಿನ್ನೂ ಅದಿರಲಿಲ್ಲ. ಲೋಟ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ನನ್ನ ಕಾಲೇಜಿಗೆಂದು ತಿಂಗಳಿಗೆ 150 ರೂಪಾಯಿಯಷ್ಟು ಮನಿಯಾರ್ಡರ್ ಮಾಡುತ್ತಿದ್ದ. ಪಾಲಿನ ದಿನ ಆ ಹಣದ ಮಾತನ್ನು ಯಾರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅಮ್ಮನ ಟ್ರಂಕಿನಲ್ಲಿ ಅದರ ಕೂಪನ್ನುಗಳು ನಲವತ್ತರಷ್ಟು ಸಿಕ್ಕವು. ಒಂದರ ಮೇಲೆ ‘ತಮ್ಮನಿಗೆ ಚಪ್ಪಲಿ ತೆಗೆಯಿರಿ’ ಎಂದಿತ್ತು. ಅವುಗಳನ್ನು ಏನು ಮಾಡಿದೆ, ಎಷ್ಟನೆಯ ಕಾರ್ಡಿನ ನಂತರ ಮಾಡಿದೆ ಎಂಬುದನ್ನು ಇಲ್ಲಿ ಬರೆಯಲಾರೆ, ಅದು ನಮ್ಮಿಬ್ಬರದ್ದು.

ಒಟ್ಟು 20–22 ಕಾರ್ಡುಗಳಾಗಿರಬೇಕು. ಹತ್ತು ಹನ್ನೊಂದು ರೂಪಾಯಿಯ ಖರ್ಚು. ಕಳೆದ ಮೇ ತಿಂಗಳಲ್ಲಿ ಅಣ್ಣ ಮತ್ಸ್ಯಗಂಧ ರೈಲಿನಲ್ಲಿ ಬಂದು ಬೆಳಗಿನ ಜಾವ ಕುಂದಾಪುರದ ಮೂಡ್ಲಕಟ್ಟೆಯ ನಿಲ್ದಾಣದಲ್ಲಿ ಇಳಿದ. ದಾರಿಯುದ್ದಕ್ಕೂ ಹೆಚ್ಚು ಮಾತಿರಲಿಲ್ಲ. ಮನೆ ಮುಟ್ಟಿದವನೇ ಚೀಲವನ್ನು ಜಗಲಿಯಲ್ಲಿಟ್ಟು ಬಾವಿಕಟ್ಟೆಗೆ ಹೋಗಿ, ಹಗ್ಗಕ್ಕೆ ಕಲ್ಲು ಕಟ್ಟಿ ತಳದವರೆಗೆ ಇಳಿಸಿ, ಮೇಲೆಳೆದ ಹಗ್ಗವನ್ನು ಅಂಗಳದಲ್ಲಿ ಹಾಸಿ ಮೊಳ ಹಾಕಿ ಲೆಕ್ಕ ಮಾಡಿದ.

‘ಹನ್ನೊಂದಲ್ಲ ಮಾರಾಯ, ಹನ್ನೆರಡ್ ಕೋಲ್ ಇತ್ತ್’ ಎಂದ.